ಸ್ವಂತದ ಬ್ಲಾಗು: ನಡೆಸುವ ಬಗೆ, ಹೊಸದು ಮಾಡುವ ಬಗೆ

ದಿನಚರಿ ಬರೆಯುವವನು ತನಗಾಗಿ ಬರೆದುಕೊಳ್ಳುತ್ತಾನೆ. ಪತ್ರಿಕೆ ನಡೆಸುವವನು ಪರರಿಗಾಗಿ ನಡೆಸುತ್ತಾನೆ. ಇವೆರಡರ ಗುಣವನ್ನೂ ಪಡೆದು, ಎರಡೂ ಆಗದೆ ಉಳಿದ ಮೂರನೆಯ ಬಗೆಯ ಬರವಣಿಗೆಯೊಂದಿದೆ. ಅದರಲ್ಲಿ ಲೇಖಕ ಒಬ್ಬನೇ. ಸಂಪಾದಕನೂ ಅವನೇ, ಅಚ್ಚಿನವನೂ ಅವನೇ, ಮನೆಮನೆಗೆ ಹಂಚುವ ಹುಡುಗನೂ ಅವನೇ. ಚಂದಾ ಹಣದ ಆಸೆಯಿಲ್ಲ, ಚಂದಾದಾರರ ತಗಾದೆಯೂ ಇಲ್ಲ. ಪ್ರತಿಯೊಂದು ಬರಹದ ನೆತ್ತಿಯ ಮೇಲೂ ಬರೆದ ದಿನಾಂಕವಿರುತ್ತದೆ. ಹೊಸದು ಮೇಲೆ, ಹಳೆಯದು ಕೆಳಗೆ ಹೀಗೆ ಕಾಗದದ ಕಂತೆಯಂತೆ ಅದು ಬೆಳೆಯುತ್ತ ಹೋಗುತ್ತದೆ. ಅಂತರಜಾಲದ ಮೇಲಿನ ಈ ಕಂತೆಗೆ ಬ್ಲಾಗು ಎಂದು ಹೆಸರು.

ನಮ್ಮ ಕಾಲೇಜಿನಲ್ಲಿ ಬ್ಲಾಗು ಓದಿದವರು ಹಲವರಿದ್ದಾರೆ. ಆರಂಭಿಸಿ ಕೈಬಿಟ್ಟವರೂ ಕೆಲವರಿದ್ದಾರೆ. ಆರಂಭಿಸುವುದು ಹೇಗೆಂದು ಹೇಳುವ ಲೇಖನಗಳಿಗೆ ಕೊರತೆಯಿಲ್ಲ. ಆದರೆ ಐದಾರು ವರ್ಷ ನಡೆದ ಬ್ಲಾಗನ್ನು ಹೊಸದು ಮಾಡಬೇಕೆಂದಾಗ ಯಾವುದಕ್ಕೆ ಕೈ ಹಾಕಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿಚಾರ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಹೊಸದು ಮಾಡುವುದೆಂದರೆ ಬಣ್ಣ ಬದಲಿಸುವುದು ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಅದು ಮುಖ್ಯವಾಗಿ ಹಳೆಯ ಬರಹಗಳ ಯೋಗಕ್ಷೇಮದ ಪ್ರಶ್ನೆ. ಈ ಮಾತನ್ನು ಸ್ವಲ್ಪ ಚರಿತ್ರೆಯಿಂದಲೂ ಸ್ವಲ್ಪ ಸ್ವಂತ ಅನುಭವದಿಂದಲೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಬ್ಬನೇ ಕುಳಿತು ನಿಯತವಾಗಿ ಬರೆದು ಲೋಕಕ್ಕೆ ಒಪ್ಪಿಸುವ ಕೆಲಸ ಅಂತರಜಾಲದಿಂದ ಹುಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ ಡಾಕ್ಟರ್ ಜಾನ್ಸನ್ 1750ರ ಮಾರ್ಚಿನಿಂದ 1752ರ ಮಾರ್ಚಿನವರೆಗೆ 'ರ‍್ಯಾಂಬ್ಲರ್' ಎಂಬ ಚಿಕ್ಕ ಪತ್ರಿಕೆಯನ್ನು ಮಂಗಳವಾರ ಮತ್ತು ಶನಿವಾರ ಹೊರಡಿಸುತ್ತಿದ್ದ. ಒಟ್ಟು 208 ಸಂಚಿಕೆ. ನಾಲ್ಕೈದನ್ನು ಬಿಟ್ಟರೆ ಎಲ್ಲವೂ ಅವನೊಬ್ಬನ ಬರವಣಿಗೆ. ಅವಸರದಲ್ಲಿ ಬರೆದ ಆ ಲೇಖನಗಳನ್ನು ಪುಸ್ತಕ ರೂಪಕ್ಕೆ ತರುವಾಗ ಅವನು ಸಾಲುಸಾಲಾಗಿ ತಿದ್ದಿದ. ಅದಕ್ಕೂ ಮುಂಚೆ ಫ್ರಾನ್ಸಿನ ಮೋಂತೇನ್ 1580ರಲ್ಲಿ ಪ್ರಕಟಿಸಿದ ತನ್ನ ಪ್ರಬಂಧಗಳನ್ನು 1588ರಲ್ಲಿ ಹಿಗ್ಗಿಸಿ ಮತ್ತೆ ಅಚ್ಚು ಹಾಕಿಸಿದ. ಅಷ್ಟಕ್ಕೂ ತೃಪ್ತಿಯಾಗದೆ 1592ರಲ್ಲಿ ಸಾಯುವವರೆಗೆ ಅಚ್ಚಾದ ಪ್ರತಿಯ ಅಂಚಿನಲ್ಲಿ ಬರೆಯುತ್ತಲೇ ಇದ್ದ. ಇವರಿಬ್ಬರ ರೀತಿಯಲ್ಲಿ ಒಂದು ಭೇದವಿದೆ. ಜಾನ್ಸನ್ ಹಳೆಯ ವಾಕ್ಯವನ್ನೇ ತಿದ್ದಿ ನೇರ ಮಾಡಿದ. ಮೋಂತೇನ್ ಹಳೆಯದನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟು ಅದರ ಮಗ್ಗುಲಲ್ಲಿ ಹೊಸದನ್ನು ಕೂಡಿಸಿದ. ಬ್ಲಾಗು ಹೊಸದು ಮಾಡುವವನು ಈ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ಮುಂದೆ ನೋಡೋಣ.

ಕನ್ನಡದ ಮಟ್ಟಿಗೆ ಹೇಳುವುದಾದರೆ, ನಮ್ಮ ಮೊದಲ ಪತ್ರಿಕೆಯೇ ಹೆಚ್ಚುಕಡಿಮೆ ಒಬ್ಬನ ಉದ್ಯಮವಾಗಿತ್ತು. ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಡಿಸಿದ ಪಾಕ್ಷಿಕ 'ಮಂಗಳೂರ ಸಮಾಚಾರ' ಮರುವರ್ಷವೇ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಊರು, ಹೆಸರು ಎಲ್ಲವೂ ಒಮ್ಮೆಲೇ ಬದಲಾದವು. ಇಂದಿನ ಮಾತಿನಲ್ಲಿ ಇದನ್ನು ಪೂರ್ತಿ ಪುನರ್ರಚನೆ ಎನ್ನಬಹುದು. ಮಾಸ್ತಿಯವರು 1944ರಿಂದ 1965ರವರೆಗೆ 'ಜೀವನ' ಮಾಸಪತ್ರಿಕೆಯನ್ನು ಹೊತ್ತು ನಡೆಸಿದರು. ನಮ್ಮ ಜಿಲ್ಲೆಯಲ್ಲಿಯೇ ದಿನಕರ ದೇಸಾಯಿಯವರು ಅಂಕೋಲೆಯಿಂದ 'ಜನಸೇವಕ' ವಾರಪತ್ರಿಕೆಯನ್ನು ಹೊರಡಿಸಿ, ತಮ್ಮ ನಾಲ್ಕು ಸಾಲಿನ ಚುಟುಕಗಳನ್ನು ಅದರಲ್ಲಿ ಪ್ರಕಟಿಸುತ್ತಿದ್ದರು. ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದ ಗೌರೀಶ ಕಾಯ್ಕಿಣಿಯವರು ಗೋಕರ್ಣದಲ್ಲಿ ಕುಳಿತು ದಶಕಗಳ ಕಾಲ ಪತ್ರಿಕೆಗಳಿಗೆ ಬರೆದರು. ಬಂಕಿಕೊಡ್ಲಕ್ಕೂ ನಮ್ಮ ಹಿರೇಗುತ್ತಿಗೂ ಬಹಳ ದೂರವಿಲ್ಲ. ಚಿಕ್ಕ ಊರಿನಲ್ಲಿದ್ದು ದೊಡ್ಡ ಓದುಗವರ್ಗಕ್ಕೆ ಬರೆಯುವ ಕೆಲಸ ನಮ್ಮ ಕಡೆ ಹೊಸದಲ್ಲ ಎಂದು ಹೇಳುವುದಕ್ಕಷ್ಟೇ ಈ ಹೆಸರುಗಳನ್ನು ತೆಗೆದೆ, ಹೋಲಿಕೆಗಾಗಿ ಅಲ್ಲ.

ಇನ್ನು ಬ್ಲಾಗಿನ ಹುಟ್ಟು. 1997ರಲ್ಲಿ ಅಮೇರಿಕೆಯ ಜಾರ್ನ್ ಬಾರ್ಗರ್ ಎಂಬವನು 'ವೆಬ್‌ಲಾಗ್' ಎಂಬ ಶಬ್ದವನ್ನು ಬಳಕೆಗೆ ತಂದ. 1999ರಲ್ಲಿ ಅದು ಮೊಟಕಾಗಿ ಬ್ಲಾಗ್ ಆಯಿತು. ಅದೇ ವರ್ಷ 'ಬ್ಲಾಗರ್' ಎಂಬ ಸೌಕರ್ಯ ಆರಂಭವಾಗಿ, 2003ರಲ್ಲಿ ಗೂಗಲ್ ಕಂಪನಿಯ ಕೈಸೇರಿತು. 2003ರಲ್ಲಿಯೇ 'ವರ್ಡ್‌ಪ್ರೆಸ್' ಹುಟ್ಟಿತು. ಗಣಕಶಾಸ್ತ್ರ ತಿಳಿಯದವನೂ ಜಾಲದಲ್ಲಿ ಬರೆಯಬಹುದೆಂಬುದು ಇವುಗಳಿಂದ ಸಾಧ್ಯವಾಯಿತು.

ಆದರೆ ಕನ್ನಡಿಗನಿಗೆ ಇಲ್ಲೊಂದು ವಿಶೇಷ ತೊಡಕಿತ್ತು. ಇಂದಿನ ನನ್ನ ಸಹಪಾಠಿಗಳಿಗೆ ಇದು ವಿಚಿತ್ರವಾಗಿ ಕಂಡೀತು; ಆದುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೊದಲ ಕಾಲದ ಕನ್ನಡ ತಂತ್ರಾಂಶಗಳಲ್ಲಿ ಅಕ್ಷರವೆಂಬುದು ಬರಿಯ ಚಿತ್ರವಾಗಿತ್ತು. ಇಂಗ್ಲಿಷಿನ ಒಂದೊಂದು ಅಕ್ಷರದ ಮನೆಯಲ್ಲಿ ಕನ್ನಡದ ಒಂದೊಂದು ತುಂಡನ್ನು ಕೂರಿಸುತ್ತಿದ್ದರು. ನುಡಿ ತಂತ್ರಾಂಶದ ಅಂಥ ಅಕ್ಷರಶೈಲಿಯಲ್ಲಿ ಇಂಗ್ಲಿಷಿನ 'ಪಿ' ಇರಬೇಕಾದ ಮನೆಯಲ್ಲಿ ತಲೆಕಟ್ಟಿಲ್ಲದ ಕಕಾರ ಕುಳಿತಿತ್ತು. ತಲೆಕಟ್ಟು ಇನ್ನೊಂದು ಮನೆಯಲ್ಲಿ. ಓದುವವನ ಗಣಕದಲ್ಲಿ ಅದೇ ಅಕ್ಷರಶೈಲಿ ಇದ್ದರೆ ಕನ್ನಡ ಕಾಣುವುದು. ಇಲ್ಲವಾದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುವುದು. ಹುಡುಕುವ ಯಂತ್ರಕ್ಕಂತೂ ಅದು ಕನ್ನಡವೆಂದು ತಿಳಿಯುತ್ತಲೇ ಇರಲಿಲ್ಲ. ಇಂಥ ಕಾಲದಲ್ಲಿ, 1996ರಲ್ಲಿಯೇ, ಡಾ. ಯು. ಬಿ. ಪವನಜರು 'ವಿಶ್ವಕನ್ನಡ'ವನ್ನು ಜಾಲದಲ್ಲಿ ತೆರೆದರೆಂಬುದು ಸಾಮಾನ್ಯ ಸಾಹಸವಲ್ಲ. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು; ಕೆ. ಪಿ. ರಾಯರ ಕೀಲಿಮಣೆಯ ಕ್ರಮವನ್ನು ಆಧಾರವಾಗಿಟ್ಟುಕೊಂಡು ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು.

ಪ್ರಪಂಚದ ಲಿಪಿಗಳಿಗೆಲ್ಲ ಒಂದೊಂದು ಸ್ಥಿರವಾದ ಸಂಖ್ಯೆ ಕೊಡುವ 'ಯೂನಿಕೋಡ್' ಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ 128 ಮನೆಗಳು ದೊರೆತಿದ್ದವು. ಆದರೆ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅಕ್ಷರಶೈಲಿ ಸೇರಿದ ಮೇಲೆಯೇ ಸಾಮಾನ್ಯರ ಗಣಕದಲ್ಲಿ ಅದು ಕಾಣತೊಡಗಿತು. ಆಮೇಲೆ 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ 'ಸಂಪದ' ಬಂದವು; ಅನೇಕರು ಸ್ವಂತ ಬ್ಲಾಗು ತೆರೆದರು. ಅದಕ್ಕೆ ಮುಂಚೆ ಬರೆದವರಿಗೆ ಮಾತ್ರ ಒಂದು ಕಠಿಣ ಪರೀಕ್ಷೆ ಕಾದಿತ್ತು. ಹಳೆಯ ಪದ್ಧತಿಯ ಪುಟಗಳನ್ನೆಲ್ಲ ಹೊಸ ಪದ್ಧತಿಗೆ ಪರಿವರ್ತಿಸಬೇಕು; ಇಲ್ಲವೆ ಅವು ಇದ್ದೂ ಇಲ್ಲದಂತಾಗಲು ಬಿಡಬೇಕು. ಪರಿವರ್ತಕ ಯಂತ್ರಗಳಿದ್ದರೂ ಅರ್ಕಾವತ್ತು ಒತ್ತಕ್ಷರಗಳು ಸ್ಥಳ ತಪ್ಪುತ್ತಿದ್ದುದರಿಂದ ಕಣ್ಣಿಟ್ಟು ತಿದ್ದಲೇಬೇಕಾಗಿತ್ತು. ಕನ್ನಡ ಜಾಲಬರಹಗಳ ಚರಿತ್ರೆಯಲ್ಲಿ ನಿಜವಾದ 'ಹೊಸದು ಮಾಡುವಿಕೆ' ಇದೇ ಎಂದು ನನ್ನ ಅಭಿಪ್ರಾಯ. ಬಣ್ಣ ಬದಲಾಗಲಿಲ್ಲ, ಅಲಂಕಾರ ಬದಲಾಗಲಿಲ್ಲ. ಹಳೆಯ ಅಕ್ಷರ ಮುಂದಿನವರ ಕಣ್ಣಿಗೆ ಕಾಣುವಂತಾಯಿತು.

ಈಗ ನನ್ನ ಸಂಗತಿ. ನಮ್ಮ ಮನೆಯಲ್ಲಿ ಬಿ.ಎ. ತರಗತಿಯವರೆಗೆ ಬಂದವರಲ್ಲಿ ನಾನೇ ಮೊದಲಿಗ. ಮನೆಯಲ್ಲಿ ಪಂಚಾಂಗ ಮತ್ತು ಶಾಲಾ ಪಠ್ಯಗಳನ್ನು ಬಿಟ್ಟರೆ ಬೇರೆ ಪುಸ್ತಕವಿರಲಿಲ್ಲ. 2019ರ ಅಗಸ್ಟಿನಲ್ಲಿ ಗಂಗಾವಳಿಗೆ ದೊಡ್ಡ ನೆರೆ ಬಂದು ದಡದ ಊರುಗಳಿಗೆ ನೀರು ನುಗ್ಗಿದಾಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಕಂಡದ್ದನ್ನು ಎಲ್ಲಿಯಾದರೂ ಬರೆದಿಡಬೇಕೆನಿಸಿ, ಸೋದರಮಾವನ ಮೊಬೈಲಿನಲ್ಲಿ ಖರ್ಚಿಲ್ಲದ ಬ್ಲಾಗೊಂದನ್ನು ತೆರೆದೆ. ಅಂದಿನಿಂದ ಕಳೆದ ಬೇಸಿಗೆಯವರೆಗೆ 163 ಬರಹಗಳಾದವು. ಹೆಚ್ಚಿನವು ಹಿರೇಗುತ್ತಿಯ ಸುತ್ತಲಿನ ವಿಷಯಗಳು: ಅಘನಾಶಿನಿಯ ಹಿನ್ನೀರಿನ ಗಜನಿ ಭೂಮಿ, ಸಾಣಿಕಟ್ಟೆಯ ಉಪ್ಪಿನ ಆಗರ, ಬೆಳಚು ಹೆಕ್ಕುವ ಹೆಂಗಸರು, ಹೆದ್ದಾರಿ ಅಗಲವಾದ ಬಗೆ, ಯಕ್ಷಗಾನದ ಒಂದೆರಡು ರಾತ್ರಿ. ನಡುವೆ ಪರೀಕ್ಷೆಗೆ ಓದಿಕೊಂಡ ಟಿಪ್ಪಣಿಗಳೂ ಇವೆ.

ನಡೆಸುವ ಬಗೆಯನ್ನು ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ವಾರಕ್ಕೊಂದು ಬರೆಯಬೇಕೆಂಬ ನಿಯಮವನ್ನು ಎಲ್ಲರೂ ಉಪದೇಶಿಸುತ್ತಾರೆ. ವಾರಕ್ಕೊಂದು ಬರೆಯುವಷ್ಟು ವಿಷಯ ಎಲ್ಲರಲ್ಲಿಯೂ ಇರುವುದಿಲ್ಲ. ನಾನು ತಿಂಗಳಿಗೆ ಎರಡು ಎಂದಿಟ್ಟುಕೊಂಡೆ. ಮಳೆಗಾಲದಲ್ಲಿ ಕರೆಂಟು ಮತ್ತು ನೆಟ್‌ವರ್ಕು ಎರಡೂ ಒಟ್ಟಿಗೆ ಇರುವ ಗಳಿಗೆ ಅಪರೂಪವಾದ್ದರಿಂದ, ಮೊದಲು ನೋಟುಬುಕ್ಕಿನಲ್ಲಿ ಬರೆದು ಆಮೇಲೆ ಮೊಬೈಲಿನಲ್ಲಿ ಕುಟ್ಟುವ ಅಭ್ಯಾಸವಾಯಿತು. ಇದರಿಂದ ಒಂದು ಲಾಭವೂ ಆಯಿತು. ಎರಡನೆಯ ಸಲ ಬರೆಯುವಾಗ ಅರ್ಧ ವಿಶೇಷಣಗಳು ತಾವಾಗಿಯೇ ಉದುರಿಹೋಗುತ್ತವೆ. ಓದುಗರ ಸಂಖ್ಯೆಯನ್ನು ದಿನಕ್ಕೆ ಹತ್ತು ಸಲ ನೋಡುವ ಚಟಕ್ಕೆ ಬಿದ್ದವನು ಬಹುಕಾಲ ಬರೆಯಲಾರ ಎಂಬುದು ನನ್ನ ಗಟ್ಟಿ ನಂಬಿಕೆ. ಆ ಸಂಖ್ಯೆ ಕಾಣದ ಹಾಗೆ ಮಾಡಿಕೊಳ್ಳುವ ಉಪಾಯವುಂಟು, ಮಾಡಿಕೊಳ್ಳಬೇಕು.

ಆರು ವರ್ಷವಾಗುವಷ್ಟರಲ್ಲಿ ತೊಂದರೆಗಳು ಒಂದೊಂದಾಗಿ ತಲೆಹಾಕಿದವು. ಮೊದಲನೆಯದು ಕಾಣುವ ರೀತಿ. ಬ್ಲಾಗಿನ ಸಿದ್ಧ ಚೌಕಟ್ಟುಗಳನ್ನು ಇಂಗ್ಲಿಷಿನವರು ಇಂಗ್ಲಿಷಿಗಾಗಿ ಮಾಡಿರುತ್ತಾರೆ. ಇಂಗ್ಲಿಷಿನ ಸಾಲುಗಳ ನಡುವೆ ಸ್ವಲ್ಪವೇ ಎಡೆಯಿದ್ದರೆ ಸಾಕು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಜೋತಾಡುತ್ತದೆ, ಗುಡಿಸು ಮೇಲಕ್ಕೆ ಏಳುತ್ತದೆ. ಮೇಲಿನ ಸಾಲಿನ 'ತ್ತಿ'ಯ ಒತ್ತು ಕೆಳಗಿನ ಸಾಲಿನ 'ಕೀ'ಯ ನೆತ್ತಿಗೆ ತಾಗುತ್ತದೆ. ಎಡಬಲ ಎರಡೂ ಅಂಚುಗಳನ್ನು ಸಮಮಾಡುವ ಪದ್ಧತಿಯಂತೂ ಮೊಬೈಲಿನ ಕಿರಿದಾದ ಪರದೆಯಲ್ಲಿ ಕನ್ನಡಕ್ಕೆ ಸಲ್ಲುವುದೇ ಇಲ್ಲ. ನಮ್ಮ ಪದಗಳು ಪ್ರತ್ಯಯಗಳನ್ನು ಕೂಡಿಸಿಕೊಂಡು ಉದ್ದವಾಗುತ್ತವೆ. ಒಂದು ಸಾಲಿಗೆ ಎರಡೇ ಪದ ಹಿಡಿದು ನಡುವೆ ಗದ್ದೆಯ ಬದುವಿನಷ್ಟು ಬಯಲು ಉಳಿಯುತ್ತದೆ. ಓರೆ ಅಕ್ಷರವೂ ಹಾಗೆಯೇ. ಇಂಗ್ಲಿಷಿನಲ್ಲಿ ಅದು ಒತ್ತು ಕೊಡುವ ಸಾಧನ. ಕನ್ನಡದ ದುಂಡು ಅಕ್ಷರವನ್ನು ಯಂತ್ರ ಓರೆ ಮಾಡಿದರೆ ಗಾಳಿಗೆ ಬಾಗಿದ ಹಾಗೆ ಕಾಣುತ್ತದೆ. ಆದುದರಿಂದ ಸಾಲಿನ ಎಡೆಯನ್ನು ಅಕ್ಷರದ ಎತ್ತರದ ಒಂದೂ ಮುಕ್ಕಾಲು ಪಟ್ಟಿಗೆ ಏರಿಸಿ, ಅಂಚನ್ನು ಎಡಕ್ಕೆ ಮಾತ್ರ ಸಮಮಾಡಿ, ಓರೆಯನ್ನು ತೆಗೆದುಹಾಕಿದೆ. ಇಷ್ಟು ಮಾಡಲು ಒಂದು ಸಂಜೆ ಸಾಕಾಯಿತು. ಎದ್ದುಕಾಣುವ ಬದಲಾವಣೆ ಇದೇ. ಆದರೆ ಎಲ್ಲಕ್ಕಿಂತ ಹಗುರವಾದ ಕೆಲಸವೂ ಇದೇ.

ಎರಡನೆಯದು ವಿಳಾಸದ ಪ್ರಶ್ನೆ. ಪ್ರತಿಯೊಂದು ಬರಹಕ್ಕೂ ಜಾಲದಲ್ಲಿ ಒಂದು ವಿಳಾಸವಿರುತ್ತದೆ. ಇಂಗ್ಲಿಷ್ ತಲೆಬರಹವಾದರೆ ಬ್ಲಾಗರ್ ಅದರಿಂದಲೇ ವಿಳಾಸ ಕಟ್ಟುತ್ತದೆ. ಕನ್ನಡ ತಲೆಬರಹವನ್ನು ಅದು ಓದಲಾರದು; ಎಲ್ಲದಕ್ಕೂ 'ಬ್ಲಾಗ್ ಪೋಸ್ಟ್' ಎಂದು ಹೆಸರಿಟ್ಟು ಮುಂದೊಂದು ಸಂಖ್ಯೆ ಅಂಟಿಸುತ್ತದೆ. ಒಂದೇ ಹೆಸರಿನ ನೂರು ಮಕ್ಕಳಿರುವ ಮನೆಯಂತೆ! ವರ್ಡ್‌ಪ್ರೆಸ್ ಕನ್ನಡವನ್ನೇ ವಿಳಾಸವಾಗಿ ಇಡುತ್ತದೆ. ಆದರೆ ಅದನ್ನು ನಕಲು ಮಾಡಿ ಕಳುಹಿಸಿದಾಗ ಒಂದೊಂದು ಕನ್ನಡ ಚಿಹ್ನೆಯೂ ಶೇಕಡಾ ಗುರುತು ಸೇರಿದ ಒಂಬತ್ತು ಅಕ್ಷರಗಳಾಗಿ ಒಡೆಯುವುದುಂಟು. 'ಗಜನಿ' ಎಂಬುದರಲ್ಲಿ ಗುಡಿಸನ್ನೂ ಸೇರಿಸಿ ನಾಲ್ಕು ಚಿಹ್ನೆ. ಹೊರಗೆ ಕಾಣುವುದು 36 ಅಕ್ಷರ. 'ಹಿರೇಗುತ್ತಿ' ಹತ್ತು ಚಿಹ್ನೆಯಾದ್ದರಿಂದ 90 ಅಕ್ಷರ! ಇಂಥ ವಿಳಾಸವನ್ನು ಯಾರು ತಾನೆ ಕಾಗದದ ಮೇಲೆ ಬರೆದುಕೊಂಡಾರು?

ಹೊಸದು ಮಾಡುವ ಉತ್ಸಾಹದಲ್ಲಿ ಇವನ್ನೆಲ್ಲ ಚಂದವಾಗಿ ಬದಲಿಸಿಬಿಡೋಣ ಎಂಬ ಆಸೆ ಬರುವುದು ಸಹಜ. ಈ ಆಸೆಯನ್ನು ಬಿಗಿಹಿಡಿಯಬೇಕು. ಜಾಲವನ್ನು ನಿರ್ಮಿಸಿದ ಟಿಮ್ ಬರ್ನರ್ಸ್-ಲೀ ಅವರೇ 1998ರಲ್ಲಿ, ಒಳ್ಳೆಯ ವಿಳಾಸ ಬದಲಾಗಬಾರದು ಎಂಬ ತಾತ್ಪರ್ಯದ ಲೇಖನವೊಂದನ್ನು ಬರೆದರು. ವಿಳಾಸ ಬದಲಾದರೆ ನಮಗೇನೂ ನಷ್ಟ ಕಾಣುವುದಿಲ್ಲ. ನಷ್ಟವಾಗುವುದು ಎಲ್ಲಿಯೋ ಕುಳಿತು ಹಳೆಯ ಕೊಂಡಿಯನ್ನು ಇಟ್ಟುಕೊಂಡವನಿಗೆ. ನನಗೆ ಇದು ಪುಸ್ತಕದ ಮಾತಾಗಿ ಉಳಿಯಲಿಲ್ಲ. ನಮ್ಮ ಊರನ್ನು ಬಿಟ್ಟು ನಲವತ್ತು ವರ್ಷಗಳ ಹಿಂದೆ ಮುಂಬಯಿಗೆ ಹೋದ ಹಿರಿಯರೊಬ್ಬರು, ಉಪ್ಪಿನ ಆಗರವನ್ನು ಕುರಿತ ನನ್ನ ಬರಹದ ಕೊಂಡಿಯನ್ನು ತಮ್ಮ ಬಳಗದವರಿಗೆಲ್ಲ ಕಳುಹಿಸಿದ್ದರು. ಎರಡು ವರ್ಷದ ಮೇಲೆ ಅದೇ ಕೊಂಡಿಯನ್ನು ಹಿಡಿದು ಪುಣೆಯಿಂದ ಒಬ್ಬರು ಬಂದು, ತಮ್ಮ ತಂದೆ ಆ ಆಗರದಲ್ಲಿ ಕೂಲಿ ಮಾಡಿದ ಸಂಗತಿಯನ್ನು ಹತ್ತು ಸಾಲಿನಲ್ಲಿ ಕೆಳಗೆ ಬರೆದುಹೋದರು. ಆ ಹತ್ತು ಸಾಲು ನನ್ನ ಇಡೀ ಬರಹಕ್ಕಿಂತ ಬೆಲೆಯುಳ್ಳದ್ದು. ಹೀಗಾಗಿ 163ರಲ್ಲಿ ಒಂದರ ವಿಳಾಸವನ್ನೂ ಬದಲಿಸಲಿಲ್ಲ. ಬ್ಲಾಗರಿನಲ್ಲಿ ಪ್ರಕಟವಾದ ಬರಹದ ತಲೆಬರಹ ಬದಲಿಸಿದರೂ ವಿಳಾಸ ಮೊದಲಿನದೇ ಉಳಿಯುತ್ತದೆ; ತಲೆಬರಹಗಳನ್ನು ಬೇಕಾದಂತೆ ಸ್ಪಷ್ಟಪಡಿಸಿಕೊಂಡೆ. ಬೇರೆ ಮನೆಗೆ ಹೋಗಲೇಬೇಕಾದವರು ಹಳೆಯ ವಿಳಾಸದಲ್ಲಿ ಶಾಶ್ವತ ಮರುನಿರ್ದೇಶನವನ್ನು ಇಟ್ಟುಹೋಗಬೇಕು. ಅಂಚೆಯವನಿಗೆ ಹೊಸ ಮನೆಯ ಗುರುತು ಹೇಳಿ ಹೋದ ಹಾಗೆ ಅದು.

ಮೂರನೆಯದು ಅನುಕ್ರಮ. ಹೊಸದು ಮೇಲೆ, ಹಳೆಯದು ಕೆಳಗೆ ಎಂಬ ನಿಯಮ ಮೊದಲ ವರ್ಷ ಚೆನ್ನಾಗಿರುತ್ತದೆ. ಆರನೆಯ ವರ್ಷ ಅದೇ ಶತ್ರುವಾಗುತ್ತದೆ. ನಿನ್ನೆಯ ಪರೀಕ್ಷಾ ಟಿಪ್ಪಣಿ ನೆತ್ತಿಯ ಮೇಲೆ ಕುಳಿತಿರುವಾಗ, 2020ರಲ್ಲಿ ಬರೆದ ಗಜನಿಯ ಲೇಖನ ಹನ್ನೆರಡು ಪುಟಗಳ ಕೆಳಗೆ ಹೂತುಹೋಗಿರುತ್ತದೆ. ಅದಕ್ಕಾಗಿ ವಿಷಯವಾರು ಪುಟಗಳನ್ನು ಮಾಡಿದೆ: ನೀರು ಮತ್ತು ನೆಲ, ಉಪ್ಪು, ಮಾತು, ದಾರಿ, ಓದು. ಒಂದೊಂದು ಬರಹಕ್ಕೂ ಇವುಗಳಲ್ಲಿ ಒಂದು ಗುರುತು ಹಚ್ಚಿದೆ. ಎರಡು ಗುರುತು ಹಚ್ಚಬೇಕೆನಿಸಿದಲ್ಲೆಲ್ಲ ಆ ಬರಹ ಎರಡು ವಿಷಯಗಳಲ್ಲಿ ಒಂದನ್ನೂ ಮುಗಿಸಿಲ್ಲವೆಂದು ಕಂಡುಬಂತು. ಅದೊಂದು ತಮಾಷೆಯ ಸಂಗತಿ.

ಆದರೆ ದಿನಾಂಕವನ್ನು ಮಾತ್ರ ತೆಗೆಯಬಾರದು. ಬರಹ ಹಳೆಯದೆಂದು ಕಾಣದಿರಲೆಂದು ದಿನಾಂಕ ಅಡಗಿಸುವ ಪದ್ಧತಿ ಈಗ ಕೆಲವರಲ್ಲಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದು ಹಲವರು ಪ್ರಾಣ ಕಳೆದುಕೊಂಡರು; ಹಲವು ದಿನ ಹೆದ್ದಾರಿಯಲ್ಲಿ ಸಂಚಾರ ನಿಂತಿತು. ಆ ವಾರ ನಾನು ಮೂರು ಚಿಕ್ಕ ಬರಹಗಳನ್ನು ಬರೆದಿದ್ದೆ. ಅವುಗಳಲ್ಲಿ ಆ ದಿನ ಊರಿನಲ್ಲಿ ಯಾರಿಗೂ ತಿಳಿಯದಿದ್ದ ವಿಷಯಗಳು ತಿಳಿಯದ ಹಾಗೆಯೇ ಇವೆ, ಆಸೆಯಿದ್ದಲ್ಲಿ ಆಸೆಯಿದೆ. ಲಾರಿಯೊಂದರ ಚಾಲಕ ಬದುಕಿರಬಹುದೆಂದು ಜನ ಕಾಯುತ್ತಿದ್ದ ದಿನಗಳವು. ಅವನ ಶವ ನದಿಯಲ್ಲಿ ದೊರೆತದ್ದು ಸಪ್ಟೆಂಬರ್ 25ಕ್ಕೆ. ಈಗ ಅವನ್ನು ತಿದ್ದಿ 'ಪೂರ್ಣ ಮಾಹಿತಿ' ತುಂಬಿಸಿದರೆ ಅದು ವರ್ತಮಾನಪತ್ರಿಕೆಯ ಸಾರಾಂಶವಾಗುತ್ತದೆ. ದಿನಾಂಕ ಮೇಲಿರಲಿ; ಮಾತು ಅಂದಿನದೇ ಇರಲಿ; ಆಮೇಲೆ ತಿಳಿದದ್ದನ್ನು ಅಡಿಯಲ್ಲಿ ಬೇರೆ ದಿನಾಂಕ ಹಾಕಿ ಬರೆಯಲಿ. ಹಿಂದೆ ಹೇಳಿದ ಮೋಂತೇನನ ದಾರಿಯೇ ಇಲ್ಲಿ ನನಗೆ ಒಪ್ಪಿಗೆಯಾದದ್ದು. ಕಾಗುಣಿತವನ್ನು ಮಾತ್ರ ಜಾನ್ಸನ್ನನಂತೆ ನಿರ್ದಾಕ್ಷಿಣ್ಯವಾಗಿ ತಿದ್ದಿದ್ದೇನೆ.

ಇನ್ನು ತೆಗೆದುಹಾಕುವ ಪ್ರಶ್ನೆ. ಹಬ್ಬದ ಶುಭಾಶಯಗಳಂಥ ಹದಿನೈದು ಬರಹಗಳನ್ನು ಕಣ್ಣಿಗೆ ಬೀಳದಂತೆ ಕರಡಿನ ಕಡತಕ್ಕೆ ಹಿಂತೆಗೆದುಕೊಂಡೆ. ಅವುಗಳ ಕೊಂಡಿಯನ್ನು ಯಾರೂ ಇಟ್ಟುಕೊಂಡಿರಲಿಲ್ಲ. ಹೈಸ್ಕೂಲಿನ ಕಾಲದ ಬರಹಗಳನ್ನೆಲ್ಲ ಅಳಿಸಿಬಿಡು, ಮುಂದೆ ಕೆಲಸದ ಸಂದರ್ಶನಕ್ಕೆ ಹೋದಾಗ ಯಾರಾದರೂ ನೋಡಿ ನಕ್ಕಾರು ಎಂದು ಸ್ನೇಹಿತರು ಹೇಳಿದರು. ಅದು ಹಿತದ ಮಾತೇ. ಆದರೂ ಹದಿನಾಲ್ಕು ವರ್ಷದ ಹುಡುಗ ನೆರೆಯ ನೀರನ್ನು ಹದಿನಾಲ್ಕು ವರ್ಷದವನ ಹಾಗೆಯೇ ನೋಡಿರುತ್ತಾನೆ. ಅದನ್ನು ಇಪ್ಪತ್ತರವನು ಬಂದು ಬರೆಯಲಾರ.

ಹೆಚ್ಚು ಯೋಚನೆಗೆ ಹಚ್ಚಿದ್ದು ಮಾತಿನ ವಿಷಯ. 2020ರಲ್ಲಿ ಶಾಲೆ ಮುಚ್ಚಿದ್ದ ತಿಂಗಳುಗಳಲ್ಲಿ, ಅಜ್ಜಿ ಹೇಳಿದ ಕಗ್ಗದ ಬೇಸಾಯದ ಸಂಗತಿಗಳನ್ನು ಏಳು ಬರಹಗಳಲ್ಲಿ ಬರೆದಿದ್ದೆ. ಕಗ್ಗವೆಂಬುದು ಅಘನಾಶಿನಿಯ ಗಜನಿಯಲ್ಲಿ ಬೆಳೆಯುವ, ಉಪ್ಪುನೀರನ್ನು ತಾಳಿಕೊಳ್ಳುವ ಭತ್ತ. ನೆರೆ ಬಂದು ನಾಲ್ಕಾರು ದಿನ ಮುಳುಗಿದರೂ ಮತ್ತೆ ತಲೆಯೆತ್ತುತ್ತದೆ. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ನೀರಿನಲ್ಲಿಯೇ ಬಿಡುತ್ತಾರೆ. ಅದು ಕೊಳೆತು ಮೀನು ಸೀಗಡಿಗಳಿಗೆ ಆಹಾರವಾಗುತ್ತದೆ. ಈಗ ಕಗ್ಗ ಬೆಳೆಯುವವರು ಕೆಲವೇ ಮಂದಿ. ಬಹಳಷ್ಟು ಗಜನಿ ಸೀಗಡಿ ಸಾಕಣೆಗೆ ಹೋಗಿದೆ, ಇಲ್ಲವೆ ಪಾಳು ಬಿದ್ದಿದೆ. ಗೊಬ್ಬರ ಹಾಕುತ್ತಿದ್ದಿರೋ ಎಂದು ನಾನು ಕೇಳಿದ್ದಕ್ಕೆ ಅಜ್ಜಿ, "ಹಾಕೂದ್ ಯಂತಕ್ಕೆ ತಮಾ? ಭರತದ ನೀರೇ ಗೊಬ್ರ" ಎಂದಿದ್ದಳು. ಹಾಗೆಯೇ ಬರೆದಿದ್ದೆ.

ನಾನು ಗೌರವಿಸುವ ಗುರುಗಳೊಬ್ಬರು ಆ ಏಳು ಬರಹಗಳನ್ನು ಓದಿ ಮೆಚ್ಚಿ, ಹೊಸದು ಮಾಡುವಾಗ ಇವನ್ನು ಗ್ರಾಂಥಿಕ ಭಾಷೆಗೆ ತಂದುಬಿಡು, ಬೆಂಗಳೂರು ಮೈಸೂರಿನ ಓದುಗನಿಗೂ ತಿಳಿಯಬೇಕಲ್ಲ ಎಂದರು. ಅವರ ಮಾತಿನಂತೆ ಒಂದನ್ನು ಬರೆದೂ ನೋಡಿದೆ: "ಏತಕ್ಕೆ ಹಾಕಬೇಕು ತಮ್ಮಾ? ಉಬ್ಬರದ ನೀರೇ ಗೊಬ್ಬರ." ಅರ್ಥ ಕೂದಲೆಳೆಯಷ್ಟೂ ಕೆಡಲಿಲ್ಲ; ಆದರೆ ಮಾತಾಡುತ್ತಿದ್ದವಳು ಅಲ್ಲಿಂದ ಎದ್ದುಹೋಗಿದ್ದಳು. ಅಜ್ಜಿ 2022ರಲ್ಲಿ ತೀರಿಕೊಂಡಳು. ಅವಳ ಧ್ವನಿ ತುಂಬಿದ್ದ ಮೊಬೈಲು ಆ ವರ್ಷದ ಮಳೆಗಾಲದಲ್ಲಿಯೇ ಕೆಟ್ಟು, ರಿಪೇರಿ ಮಾಡುವವರ ಕೈಯಲ್ಲಿಯೂ ಮತ್ತೆ ಜೀವ ಪಡೆಯಲಿಲ್ಲ. ಅವಳಿಗೆ ಓದು ಬರಹ ಬಾರದು; ಅವಳ ಕೈಯ ಒಂದು ಚೀಟಿಯೂ ನಮ್ಮ ಮನೆಯಲ್ಲಿಲ್ಲ. ಅವಳು ಮಾತಾಡುತ್ತಿದ್ದ ರೀತಿ ಲೋಕದಲ್ಲಿ ಉಳಿದಿರುವುದು ಆ ಏಳು ಪುಟಗಳಲ್ಲಿ ಮಾತ್ರ. ಇದನ್ನು ಗುರುಗಳ ಹತ್ತಿರ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಅಡಿಯಲ್ಲಿ ಅರ್ಥ ಕೊಡು ಎಂದರು. ಅಂತೆಯೇ ಮಾಡಿದ್ದೇನೆ. ಒಟ್ಟು 94 ಶಬ್ದಗಳಿಗೆ ಅರ್ಥ ಬರೆಯಬೇಕಾಯಿತು. ಎಂಟು ಶಬ್ದಗಳಿಗೆ ಸಮನಾದ ಗ್ರಾಂಥಿಕ ಪದವನ್ನು ನಾವಿಬ್ಬರೂ ಹುಡುಕಿ ಸೋತು, ವಾಕ್ಯದಲ್ಲಿಯೇ ವಿವರಿಸಿದೆವು. ಹೊಸ ಚೌಕಟ್ಟಿನಲ್ಲಿ ನನಗೆ ಪೂರ್ಣ ಸಮಾಧಾನ ಕೊಟ್ಟದ್ದು ಈ ಶಬ್ದಪಟ್ಟಿಯೊಂದೇ.

ಕೊನೆಯದಾಗಿ ರಕ್ಷಣೆಯ ಮಾತು. ಜಾಲದಲ್ಲಿ ಹಾಕಿದ್ದು ಶಾಶ್ವತವೆಂಬುದು ಜನರ ಭ್ರಮೆ. ಒಂದು ಕಾಲದಲ್ಲಿ ಲಕ್ಷಾಂತರ ಜನರ ಸ್ವಂತ ಪುಟಗಳಿದ್ದ 'ಜಿಯೋಸಿಟೀಸ್' 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಬ್ಲಾಗುಗಳನ್ನು ಒಟ್ಟಿಗೆ ಓದಲು ಅನುಕೂಲವಾಗಿದ್ದ 'ಗೂಗಲ್ ರೀಡರ್' 2013ರ ಜುಲೈಯಲ್ಲಿ ನಿಂತಿತು. ಬ್ರೂಸ್ಟರ್ ಕೇಲ್ ಎಂಬವರು 1996ರಲ್ಲಿ ಸ್ಥಾಪಿಸಿದ 'ಇಂಟರ್‌ನೆಟ್ ಆರ್ಕೈವ್' ಹಳೆಯ ಪುಟಗಳ ನಕಲನ್ನು ಕಾದಿಡುತ್ತದೆಂಬುದು ನಿಜ. ನಮ್ಮ ಪುಟದ ವಿಳಾಸವನ್ನು ನಾವೇ ಅಲ್ಲಿ ಕೊಟ್ಟು ಇಡಿಸಬಹುದು. ಬ್ಲಾಗರಿನಿಂದ ಎಲ್ಲ ಬರಹಗಳನ್ನೂ ಪ್ರತಿಕ್ರಿಯೆಗಳನ್ನೂ ಒಂದೇ ಕಡತವಾಗಿ ಇಳಿಸಿಕೊಳ್ಳಲು ಬರುತ್ತದೆ. ಆದರೆ ಚಿತ್ರಗಳು ಅದರಲ್ಲಿ ಬರುವುದಿಲ್ಲ, ಅವುಗಳ ವಿಳಾಸ ಮಾತ್ರ ಬರುತ್ತದೆ. ಚಿತ್ರಗಳನ್ನು ಬೇರೆಯಾಗಿ ಇಳಿಸಿ, ಯಾವುದು ಎಲ್ಲಿಯದೆಂದು ಹೆಸರು ಬರೆದಿಡತಕ್ಕದ್ದು. ಸ್ವಂತ ಹೆಸರಿನ ತಾಣ ಬೇಕೆಂದು ಕೆಲವರು ಬಾಡಿಗೆ ಕಟ್ಟಿ ಹೆಸರು ಕೊಳ್ಳುತ್ತಾರೆ. ಬಾಡಿಗೆ ವರ್ಷವರ್ಷವೂ ಕಟ್ಟಬೇಕು; ಕಟ್ಟದಿದ್ದರೆ ಹೆಸರು ಬೇರೆಯವರ ಪಾಲಾಗುತ್ತದೆ. ಸಂಬಳ ಬರುವವರೆಗೆ ವಿದ್ಯಾರ್ಥಿಗಳು ಆ ಗೋಜಿಗೆ ಹೋಗದಿರುವುದು ಲೇಸು.

ನಾನು ಇದಕ್ಕೆಲ್ಲ ಸೇರಿಸಿ ಇನ್ನೊಂದು ಹಳೆಯ ಕಾಲದ ಉಪಾಯವನ್ನೂ ಮಾಡಿದ್ದೇನೆ. ಊರಿಗೆ ಸಂಬಂಧಿಸಿದ 112 ಬರಹಗಳನ್ನೂ ಶಬ್ದಪಟ್ಟಿಯನ್ನೂ ಕಾಗದದ ಮೇಲೆ ಮುದ್ರಿಸಿ ಎರಡು ಪ್ರತಿ ಕಟ್ಟಿಸಿದೆ. ಒಂದು ಹಿರೇಗುತ್ತಿಯ ಮನೆಯಲ್ಲಿ ಪಂಚಾಂಗದ ಪಕ್ಕದಲ್ಲಿದೆ. ಇನ್ನೊಂದನ್ನು ನಮ್ಮ ಕಾಲೇಜಿನ ಗ್ರಂಥಪಾಲಕರು ಸ್ಥಳೀಯ ಇತಿಹಾಸದ ಕಪಾಟಿನಲ್ಲಿ ಇಡಲು ಒಪ್ಪಿ ಕ್ರಮಸಂಖ್ಯೆ ಹಾಕಿದ್ದಾರೆ. ಪುಣೆಯವರು ಬರೆದ ಹತ್ತು ಸಾಲುಗಳನ್ನು ಅವರ ಒಪ್ಪಿಗೆ ಪಡೆದು, ಹೆಸರು ಹಾಕದೆ, ಉಪ್ಪಿನ ಬರಹದ ಕೆಳಗೆ ಸೇರಿಸಿದೆ. ಚಿತ್ರಗಳಿಗೆ ಹೆಸರು ಬರೆಯುವ ಕೆಲಸ ಅರ್ಧಕ್ಕೆ ನಿಂತಿದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಮುಂದುವರಿಸತಕ್ಕದ್ದು.